ಕಾಶಿಬಾಯಿಯ ಕುಟ್ಟಣಿಗೆ

ಬೀದರಿನ ಸಂಗಮನಾಥ ನಾಸಿಕದಲ್ಲಿ ನೆಲೆಸಿ ವರ್ಷಗಳಾದವು. ವೃದ್ಧಾಶ್ರಮಗಳ ಹಾಸಿಗೆಗೆ ಹಾಕುವ ಅಲಾರಾಂ ಪಟ್ಟಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ. ಮುದುಕರು ಎದ್ದು ಪಟ್ಟಿಯ ಮೇಲಿನ ಭಾರ ಇಳಿದರೆ ಅದು ಕೂಗಬೇಕು, ಅವರು ಬೀಳುವ ಮೊದಲೇ ಆಯಾ ಓಡಿಬರಬೇಕು.

ಸಂಭಾಜಿನಗರದ ಒಂದು ಆಶ್ರಮದವರು ಮಾತ್ರ ಅವನ ಜೀವ ಹಿಂಡುತ್ತಿದ್ದರು. ಕಾಶಿಬಾಯಿ ಎಂಬ ಕಲಬುರಗಿಯ ಮುದುಕಿಯ ಅಲಾರಾಂ ಕೂಗುವುದಿಲ್ಲವೆಂದು ಮತ್ತೆ ಮತ್ತೆ ಕರೆ. ಪಟ್ಟಿ ಬದಲಿಸಿದ, ವೈರು ಬದಲಿಸಿದ. ಅವನು ಕೂತು ಎದ್ದರೆ ಓಣಿಗೆಲ್ಲ ಕೇಳುವಂತೆ ಕೂಗುವ ದರಿದ್ರದ್ದು, ಅವನು ನಾಸಿಕದ ಬಸ್ಸು ಹತ್ತಿದ ಮೇಲೆ ಸುಮ್ಮನಾಗುತ್ತಿತ್ತು. ಮ್ಯಾನೇಜರನದು ಒಂದೇ ಮಾತು: ನಿಮ್ಮ ಮಷೀನೇ ಬೋಗಸ್.

ಇವತ್ತೂ ಎಲ್ಲ ಸರಿಯಾಗಿಯೇ ಇತ್ತು. ಹಲ್ಲು ಕಡಿಯುತ್ತ ಅವನು ಚೀಲ ಕಟ್ಟುತ್ತಿದ್ದಾಗ, ಕಾಶಿಬಾಯಿ ಎಲೆಯಡಿಕೆ ಕುಟ್ಟುವ ಕಲ್ಲಿನ ಕುಟ್ಟಣಿಗೆಯನ್ನು ಪಟ್ಟಿಯ ಮೇಲೆ ಸರಿಸಿ, ಗೋಡೆ ಹಿಡಿದು ಎದ್ದಳು. ಅಲಾರಾಂ ಪಿಟಕ್ಕೆನ್ನಲಿಲ್ಲ.

"ಆಯೀ, ಇದೇನ್ ಮಾಡ್ಲಕತ್ತೀರಿ! ಬಿದ್ದು ಸೊಂಟ ಮುರಕೊಂಡ್ರ?"

"ಮೆಲ್ಲಗ ಮಾತಾಡೋ ತಮ್ಮಾ. ಇದು ಒದರಿದ್ರ ವೈಷ್ಣವಿ ಇನ್ನೊಬ್ಬರಿಗಿ ಉಣಸೋದು ಬಿಟ್ಟು ಓಡಿ ಬರಬೇಕು. ತಡ ಆದ್ರ ಮ್ಯಾನೇಜರ್ ಬೈತಾನ. ಇಡೀ ಮಜಲಿಗಿ ಆಕಿ ಒಬ್ಬಾಕೀನೇ ಆಯಾ."

ಬಾಗಿಲಲ್ಲಿ ಮ್ಯಾನೇಜರ್ ಕಾದಿದ್ದ. ಈ ಸಲವಾದರೂ ರಿಪೇರಿಯಾಯಿತೇ ಎಂದು ಕೇಳಿದ.

ಸಂಗಮನಾಥ ಮರಾಠಿಯಲ್ಲೇ ಸಿಡಿದ: "ಮಷೀನು ಮೊದಲಿನಿಂದಲೂ ಸರಿಯಾಗಿದೆ ಸಾಹೇಬ್ರೆ. ಕಮ್ಮಿ ಬಿದ್ದಿರುವುದು ಇನ್ನೊಬ್ಬ ಆಯಾ. ಆ ಪಾರ್ಟು ನನ್ನ ಚೀಲದಲ್ಲಿಲ್ಲ."