ಎಡದಿಂದ ಎರಡನೆಯವರು

“ಮುಂದಿನ ವಾರ ಇದೇ ಜಾಗದಲ್ಲಿ, ಇಷ್ಟೇ ದೊಡ್ಡದಾಗಿ ನಿಮ್ಮ ಫೋಟೋ ಹಾಕಿ ತಪ್ಪಾತು ಅಂತ ಬರೀತೀನಿ.” ಪತ್ರಕರ್ತ ಮಂಜೂರ್ ಅವರು ಹಮಾಲಿ ದುರುಗಪ್ಪನವರಿಗೆ ಹೀಗೆ ಮಾತು ಕೊಟ್ಟದ್ದು 1994ರಲ್ಲಿ.

ಈಗ ಬೆಳಗಿನ ಐದೂಮುಕ್ಕಾಲು. ಎಪ್ಪತ್ಮೂರರ ಮಂಜೂರ್ ಚನ್ನಗಿರಿ ಬಸ್ ನಿಲ್ದಾಣದ ಗೋಡೆಗೆ ಮೈದಾ ಅಂಟು ಬಳಿದು ತಮ್ಮ ವಾರಪತ್ರಿಕೆ ‘ತಕರಾರು’ ಅಂಟಿಸುತ್ತಿದ್ದಾರೆ. ನಾನೂರು ಪ್ರತಿ, ನಾಲ್ಕು ಊರು. ಇಲ್ಲಿಂದ ಹೊನ್ನಾಳಿ, ನ್ಯಾಮತಿ, ನಾಳೆ ಜಗಳೂರು. ಬರೆಯುವವರು, ತಿದ್ದುವವರು, ಕಟ್ಟು ಹೊತ್ತು ಬಸ್ ಹತ್ತುವವರು ಎಲ್ಲ ಅವರೇ. ಅಂಟು ಕುದಿಸಿಕೊಡುವುದು ಮಾತ್ರ ಹೆಂಡತಿ ರಹಮತ್‌ಬೀ. “ಈ ಮನ್ಯಾಗೆ ಮೈದಾ ತಿಂದಿದ್ದಕ್ಕಿಂತ ಗೋಡೆಗೆ ಬಳಿದಿದ್ದೇ ಜಾಸ್ತಿ” ಎನ್ನುತ್ತಾರೆ ಆಕೆ.

ಯಾವ ಕಚೇರಿಯ ಹುಳುಕು ಬರೆದರೂ ಆ ಕಚೇರಿಯ ಎದುರಿನ ಗೋಡೆಗೇ ಅಂಟಿಸುವುದು ಮಂಜೂರ್ ಪದ್ಧತಿ. ಪತ್ರಿಕಾಗೋಷ್ಠಿಗೆ ಟಿಫನ್ ಡಬ್ಬಿ ಒಯ್ಯುತ್ತಾರೆ, ಅಲ್ಲಿಯ ಊಟ ಮುಟ್ಟುವುದಿಲ್ಲ. ಹದಿನಾಲ್ಕು ಕೇಸು, ಹತ್ತೊಂಬತ್ತು ದಿನ ಜೈಲು. ‘ಬರೆದದ್ದನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂದು ಪತ್ರಿಕೆಯ ಹೆಸರಿನ ಕೆಳಗೇ ಅಚ್ಚು ಹಾಕಿಸಿದ್ದರು.

ಉಳಿದ ಪ್ರತಿಗಳ ಖಾಲಿ ಅಂಚುಗಳಲ್ಲಿ ಈಗ ಆತ್ಮಕಥೆ ಬರೆಯುತ್ತಿದ್ದಾರೆ. ಜೈಲಿನ ಅಧ್ಯಾಯ ಒಂದು ವಾರಕ್ಕೆ ಮುಗಿಯಿತಂತೆ. ದುರುಗಪ್ಪನವರ ಅಧ್ಯಾಯಕ್ಕೆ ಎರಡು ವರ್ಷ ಹಿಡಿಯಿತು.

ಸಂತೇಬೆನ್ನೂರಿನ ಗೋದಾಮೊಂದರಿಂದ ಪಡಿತರದ ಅಕ್ಕಿ ಮಾಯವಾಗುತ್ತಿತ್ತು. ಮಂಜೂರ್ ನಾಲ್ವರು ಹಮಾಲಿಗಳ ಫೋಟೋ ಹಾಕಿ, ‘ಎಡದಿಂದ ಎರಡನೆಯವನು ಕಳ್ಳ’ ಎಂದು ಬರೆದರು. ಪ್ರೆಸ್ಸಿನಲ್ಲಿ ನೆಗೆಟಿವ್ ಮಗುಚಿ ಕೂತಿತ್ತು. ಎಡ ಬಲವಾಗಿ, ಕಳ್ಳನ ಜಾಗಕ್ಕೆ ಪಕ್ಕದಲ್ಲಿದ್ದ ದುರುಗಪ್ಪ ಬಂದಿದ್ದರು. ಮೂರನೇ ದಿನ ಅವರು ಪತ್ರಿಕೆ ಹಿಡಿದು ಬಂದರು. ಬೈಯಲಿಲ್ಲ, ನನ್ನ ಫೋಟೋ ಯಾಕೆ ಎಂದು ಕೇಳಿದರು ಅಷ್ಟೆ. ಮಂಜೂರ್ ಮಾತು ಕೊಟ್ಟು ಕಳಿಸಿದರು.

ಮುಂದಿನ ವಾರ ತಿದ್ದುಪಡಿ ಬರಲಿಲ್ಲ. ಯಾರೂ ಮೂಟೆ ಹೊರಿಸದೆ ದುರುಗಪ್ಪ ತಮ್ಮೂರು ಸೊಕ್ಕೆಗೆ ಹೊರಟುಹೋದರು.

“ಹಟ ಕಣ್ರೀ. ಹಣೆ ಮ್ಯಾಲೆ ಅಂಥಾ ಸಾಲು ಬರ್ಕಂಡು ಕ್ಷಮೆ ಹೆಂಗೆ ಕೇಳೋದು? ಜೈಲಿಗೆ ಹೋಗಾಕೆ ಹೆದರ್ಲಿಲ್ಲ, ತಪ್ಪಾತು ಅನ್ನಾಕೆ ಹೆದರಿದೆ” ಎನ್ನುತ್ತಾರೆ ಮಂಜೂರ್.

ಹೋದ ತಿಂಗಳು ಆ ಅಧ್ಯಾಯ ಮುಗಿಸಿ, ಅಚ್ಚಿಗೆ ಕೊಡುವ ಮೊದಲು ದುರುಗಪ್ಪನವರಿಗೇ ಓದಿ ಹೇಳೋಣವೆಂದು ಸೊಕ್ಕೆಗೆ ಹೋದರು. ದುರುಗಪ್ಪ ತೀರಿಕೊಂಡು ಐದು ತಿಂಗಳಾಗಿತ್ತು. ಮಗಳು ಮಮತಾ ನೀರು ಕೊಟ್ಟು ಕೂರಿಸಿದರು.

“ಅಪ್ಪ ವಾರ ವಾರ ಜಗಳೂರಿನ ಅಂಗಡೀಗೆ ಹೋಗಿ ನಿಮ್ ಪೇಪರ್ ತರೋನು ಸಾಹೇಬ್ರೆ. ನನ್ ಕೈಲಿ ಓದ್ಸೋನು. ಬಂದೈತೇನವ್ವ ಅನ್ನೋನು. ಇಲ್ಲಪ್ಪ ಅಂದ್ರೆ, ಮುಂದಿನ ವಾರ ಇರ್ಬೇಕು ಬಿಡು ಅನ್ನೋನು.”

ಜಗಳೂರಿನ ಆ ಅಂಗಡಿಗೆ ವಾರ ವಾರ ಕಟ್ಟು ಇಳಿಸುತ್ತಿದ್ದವರು ಮಂಜೂರೇ.

ಗೋಡೆಯ ಮೇಲಿನ ಹಾಳೆ ಇನ್ನೂ ಒದ್ದೆ. ಅದೇ ಜಾಗ, ಅದೇ ಅಳತೆ, ಫೋಟೋ ಈ ಸಲ ನೆಟ್ಟಗಿದೆ. ಪತ್ರಿಕೆಯ ಹೆಸರಿನ ಕೆಳಗಿನ ಸಾಲು ತೆಗೆಸಿದ್ದಾರೆ. ಹೊನ್ನಾಳಿ ಬಸ್ಸಿಗೆ ಕಾಯುತ್ತಿದ್ದವರೊಬ್ಬರು ಬಗ್ಗಿ ನೋಡಿ, ಯಾರಿವರು ಎಂದು ಕೇಳುತ್ತಾರೆ.

“ದುರುಗಪ್ಪ ಅಂತ. ಇವರು ಕದ್ದಿಲ್ಲ” ಎನ್ನುತ್ತಾರೆ ಮಂಜೂರ್, ಮೂಲೆಯ ಗುಳ್ಳೆಯನ್ನು ಹೆಬ್ಬೆರಳಲ್ಲಿ ಒತ್ತುತ್ತ.

ಮೂವತ್ತೊಂದು ವರ್ಷಕ್ಕೆ ಫೋಟೋ ಬಂತು. ದುರುಗಪ್ಪ ನೋಡಲಿಲ್ಲ. ಮಂಜೂರ್ ಮಾತು ತಪ್ಪಿದರು.