ಬಲೂನ್ ಮಾಮನ ಉಸಿರಿನ ಪಾಠ

ಸಂಜೆ ಸಲೀಸಾಗಿ ಉಸಿರೆಳೆಯುವ ಹುಡುಗಿ ಬೆಳಿಗ್ಗೆ ಡಾಕ್ಟರ ಎದುರು ಯಾಕೆ ಕಲ್ಲಾಗುತ್ತಾಳೆ? ಹೆದರಿಕೆಯೇ? ಇಲ್ಲವೇ ತಾನು ಹೇಳಿಕೊಟ್ಟದ್ದರಲ್ಲೇ ಏನಾದರೂ ಐಬಿದೆಯೇ? ಮಕ್ಕಳ ವಾರ್ಡಿನ ನೆಲ ಒರೆಸುತ್ತಿರುವ ಬಲೂನ್ ಮಾಮನಿಗೆ ಇದೇ ಯೋಚನೆ. ಕಿಟಕಿಯಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಒರೆಸಿದ ಜಾಗವನ್ನೇ ಮತ್ತೆ ಒರೆಸುತ್ತಿದ್ದಾರೆ.

ಹುಡುಗಿಗೆ ಆರು ವರ್ಷ. ನ್ಯುಮೋನಿಯಾ ಆಗಿ ಎಡ ಶ್ವಾಸಕೋಶದ ಸುತ್ತ ಕೀವು ತುಂಬಿತ್ತು. ಪಕ್ಕೆಗೆ ಟ್ಯೂಬ್ ಹಾಕಿ, ಈಗ ತೆಗೆದಿದ್ದಾರೆ. ಆದರೆ ಆ ಭಾಗಕ್ಕೆ ಗಾಳಿ ಹೋಗುವ ಸದ್ದು ಡಾಕ್ಟರಿಗೆ ಕೇಳಿಸುತ್ತಿಲ್ಲ. ಇವತ್ತೂ ಕೇಳಿಸದಿದ್ದರೆ ಮತ್ತೆ ಟ್ಯೂಬ್ ಎಂದಿದ್ದಾರೆ.

ಮಾಮ ಐವತ್ತು ದಾಟಿದ ‘ವಾರ್ಡ್ ಬಾಯ್’. ಹಾಸಿಗೆ ಬದಲಿಸುವುದು, ಮಕ್ಕಳನ್ನು ಎಕ್ಸ್‌ರೇಗೆ ಎತ್ತಿಕೊಂಡು ಹೋಗುವುದು ಅವರ ಕೆಲಸ. ಉಸಿರಿನ ಪಾಠ ಹೇಳಿ ಎಂದು ಅವರಿಗೆ ಯಾರೂ ಹೇಳಿಲ್ಲ, ಬೇಡವೆಂದೂ ಹೇಳಿಲ್ಲ. ಮೊದಲು ಪಂಕ್ಚರ್ ಅಂಗಡಿಯಲ್ಲಿದ್ದರು. “ಅಲ್ಲೂ ಗಾಳಿ, ಇಲ್ಲೂ ಗಾಳಿ. ಟಯರ್ ಅಳಲ್ಲ, ಅಷ್ಟೇ ವ್ಯತ್ಯಾಸ,” ಎನ್ನುತ್ತಾರೆ.

ಅವರ ಪಾಠಕ್ಕೆ ಬೇಕಾದ್ದು ಇಷ್ಟೇ: ತಳ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿ, ಅದರ ಬಾಯಿಗೆ ಸಿಕ್ಕಿಸಿ ಒಳಗೆ ಇಳಿಬಿಟ್ಟ ಬಲೂನು, ತಳಕ್ಕೆ ಬಿಗಿದ ರಬ್ಬರ್ ಹಾಳೆ. ಹಾಳೆ ಕೆಳಗೆಳೆದರೆ ಬಲೂನು ಉಬ್ಬುತ್ತದೆ. “ಶ್ವಾಸಕೋಶ ಮಹಾ ಸೋಮಾರಿ ಕಣ್ರಪ್ಪಾ, ತಾನಾಗಿ ಗಾಳಿ ಎಳ್ಕೊಳ್ಳಲ್ಲ. ಕೆಳಗಿರೋ ಪರದೆ ಇಳಿದು ಜಾಗ ಬಿಡ್ಬೇಕು, ಆಗ ಗಾಳಿ ನುಗ್ಗುತ್ತೆ. ಹೊಟ್ಟೆ ಮುಂದೆ ಬರ್ಲಿ, ನನ್ನ ಹಾಗೆ!” ಪ್ರತಿ ಸಂಜೆ ಮಕ್ಕಳೆಲ್ಲ ಹೊಟ್ಟೆ ಉಬ್ಬಿಸುತ್ತಾರೆ. ಆ ಹುಡುಗಿಯೂ.

“ಅಣ್ಣಾ, ಇವತ್ತಾದ್ರೂ...” ಎಂದು ಅವಳ ತಾಯಿ ಮಾತು ನುಂಗುತ್ತಾರೆ.

“ನೋಡೋಣ, ತಾಯಿ.”

ಕಾರಿಡಾರಿನಲ್ಲಿ ಹೆಜ್ಜೆ ಸದ್ದು. ಮಾಮ ಬಾಗಿಲಲ್ಲಿ ನಿಂತು ದಿನದಂತೆ ಗದರುತ್ತಾರೆ: “ಡಾಕ್ಟರ್ ಬಂದ್ರು! ಯಾರೂ ಉಸಿರೆತ್ತಬಾರ್ದು!”

ವಾರ್ಡು ಗಪ್‌ಚುಪ್ಪಾಗುತ್ತದೆ. ಅವಳದು ಮೊದಲ ಹಾಸಿಗೆ. ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, “ಜೋರಾಗಿ ಉಸಿರು ತಗೋ ಪುಟ್ಟಿ,” ಎನ್ನುತ್ತಾರೆ. ಹುಡುಗಿ ತುಟಿ ಬಿಗಿದು ಮಾಮನನ್ನೇ ನೋಡುತ್ತಾಳೆ. ಮುಖ ಕೆಂಪೇರುತ್ತದೆ.

“ಅವಳು ತಗೊಳ್ಳಲ್ಲ,” ಪಕ್ಕದ ಹಾಸಿಗೆಯವಳು ಚಾಡಿ ಹೇಳುತ್ತಾಳೆ. “ಮಾಮ ಬೈತಾರಲ್ಲ! ನಾನಾದ್ರೆ ಮೂಗಲ್ಲಿ ಕದ್ದು ಉಸಿರು ಬಿಡ್ತೀನಿ.”

ಮಾಮ ಬಂದು ಹಾಸಿಗೆಯ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಾರೆ.

“ನೀನು ಎತ್ತಬಹುದು ಪುಟ್ಟಿ. ನಾನೇ ಹೇಳ್ತಿದ್ದೀನಿ. ಎತ್ತು.”

ಅವಳು ಎಳೆದುಕೊಳ್ಳುತ್ತಾಳೆ. ಹೊಟ್ಟೆ ಮುಂದೆ ಬರುತ್ತದೆ. ಡಾಕ್ಟರು ಸ್ಟೆತಾಸ್ಕೋಪನ್ನು ಕೆಳಗೆ ಸರಿಸಿ “ಇನ್ನೊಂದ್ಸಲ” ಎನ್ನುತ್ತಾರೆ, ಮತ್ತೆ “ಇನ್ನೊಂದ್ಸಲ”.

“ಕೇಳಿಸ್ತಿದೆ. ಟ್ಯೂಬ್ ಬೇಡ.”

ತಾಯಿ ಗೋಡೆಗೆ ಒರಗಿಕೊಳ್ಳುತ್ತಾರೆ.

“ಇದನ್ನೂ ಬರೀರಿ,” ಎನ್ನುತ್ತಾರೆ ಮಾಮ ಆಮೇಲೆ, ತಮ್ಮ ಬಗ್ಗೆ ಬರೆಯಲು ಬಂದ ನನಗೆ, ಬಕೆಟ್ಟಿನಲ್ಲಿ ಬಟ್ಟೆ ಹಿಂಡುತ್ತ. “ಬರೀ ಹೊಗಳಿದ್ರೆ ಜನ ನಂಬಲ್ಲ.” ಈಗ ಡಾಕ್ಟರು ಬರುವಾಗ ಅವರು ಬಾಗಿಲಲ್ಲಿ ಎರಡು ಚಪ್ಪಾಳೆ ತಟ್ಟುತ್ತಾರೆ, ಅಷ್ಟೇ.

ಮನೆಗೆ ಹೊರಟ ಹುಡುಗಿ ಬಾಗಿಲವರೆಗೆ ಹೋಗಿ ತಿರುಗಿ ನಿಲ್ಲುತ್ತಾಳೆ.

“ಮಾಮ, ಮನೇಲೂ ಎತ್ತಬಹುದಾ?”

“ಧಾರಾಳವಾಗಿ!”

ನರ್ಸುಗಳೂ ನಗುತ್ತಾರೆ. ಅಂಥದ್ದೊಂದು ನಿಯಮವೇ ಇರಲಿಲ್ಲ ಎಂದು ಮಾತ್ರ ಮಾಮ ಅವಳಿಗೆ ಹೇಳಲಿಲ್ಲ.