ನಾಲ್ಕು ಗಂಟೆಗೆ ಕಡಿಯುವ ಲೈನು

ಆಪರೇಟರಮ್ಮನಿಗೆ ಯಾರನ್ನಾದರೂ ನಂಬಬೇಕೆಂದರೆ ಮೊದಲು ಅವರ ದನಿಯನ್ನು ಫೋನಿನಲ್ಲಿ ಕೇಳಬೇಕಾಗಿತ್ತು. ಎದುರಿಗೆ ನಿಂತವರು ಹಲ್ಲು ಕಿರಿದು ಮೋಸ ಮಾಡಬಹುದು. ತಂತಿಯಲ್ಲಿ ಬರುವ ದನಿಗೆ ಮುಖದ ಆಸರೆ ಇಲ್ಲ, ಸುಳ್ಳು ಹೇಳಿದರೆ ಅಲ್ಲೇ ಸಿಕ್ಕಿಬೀಳುತ್ತದೆ ಎಂಬುದು ಅವಳ ವಾದ. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಲೆಗೆ ಹೆಡ್‌ಸೆಟ್ ಸಿಕ್ಕಿಸಿಕೊಂಡು ಕೂತವಳು. ನಿವೃತ್ತಳಾಗಿ ಆರು ವರ್ಷವಾಗಿದ್ದರೂ ಬೀದಿಯವರ ಬಾಯಲ್ಲಿ ಅವಳು ಇನ್ನೂ ಆಪರೇಟರಮ್ಮನೇ. ಹಾಲಿನವನು ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಎಂದುಕೊಳ್ಳುವಳು. ಮುಖ ಗಂಟಿಕ್ಕಿಕೊಂಡು ಬಂದರೆ ನಿನ್ನೆಯದರಲ್ಲೇ ಜಾಸ್ತಿ ಇತ್ತು, ಇವತ್ತು ಹೆದರಿದ್ದಾನೆ ಎಂದುಕೊಳ್ಳುವಳು.

ಗಂಡ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಕೈ ನಡುಗಲು ಶುರುವಾದ ಮೇಲೆ ಇಂಕು ಪೆನ್ನು ಬಿಟ್ಟು, ನಕ್ಷೆ ಬರೆಯಲೆಂದೇ ಒಂದು ಕಂಪ್ಯೂಟರ್ ತಂದು ಕಿಟಕಿ ಪಕ್ಕದ ಮೇಜಿನ ಮೇಲೆ ಕೂರಿಸಿದ್ದರು. ಒಂದು ಬೆಳಿಗ್ಗೆ ಅವರು ಕೈಯಲ್ಲಿ ಹೊಳೆಯುವ ಸೀಡಿ ಹಿಡಿದು ಅಡುಗೆಮನೆಗೆ ಬಂದರು.

"ಇದನ್ನ ಹಾಕಿದರೆ ಇಂಟರ್ನೆಟ್ ಬರುತ್ತಂತೆ ಕಣೇ. ಪತ್ರಿಕೆ ಜೊತೆ ಬಂತು. ಮೊದಲನೇ ತಿಂಗಳು ಪುಕ್ಕಟೆ."

"ಪುಕ್ಕಟೆ ಅಂದ ತಕ್ಷಣ ಎದ್ದು ನಿಲ್ಲಬೇಡಿ. ಇಲಿಬೋನಿಗೆ ಸಿಕ್ಕಿಸೋ ಕೊಬ್ಬರಿ ತುಂಡೂ ಪುಕ್ಕಟೇನೇ."

"ಬೇರೆ ಬೇರೆ ಊರಿನ ನಕ್ಷೆಗಳೆಲ್ಲ ಅದರಲ್ಲಿ ನೋಡಬಹುದಂತೆ."

"ಅದು ಯಾವುದರ ಮೇಲೆ ಬರುತ್ತೆ? ಆಕಾಶದಿಂದಲಾ?"

"ನಮ್ಮ ಫೋನ್ ಲೈನ್ ಮೇಲೇನೇ."

ಆಪರೇಟರಮ್ಮ ಕೈ ಒರೆಸಿಕೊಂಡಳು. "ಹಾಗಾದರೆ ನೀವು ಅದಕ್ಕೆ ಕೈ ಹಾಕಬೇಡಿ. ಲೈನಿನ ವಿಷಯ ನನಗೆ ಬಿಡಿ."

ಜೋಡಿಸಿ ಮುಗಿಸಲು ಅವಳಿಗೆ ಮೂರು ದಿನ ಹಿಡಿಯಿತು. ಸೀಡಿ ಹಾಕಿದ ಕೂಡಲೇ ಪರದೆಯ ಮೇಲೆ ಮಾರುದ್ದದ ಒಪ್ಪಂದವೊಂದು ಬಂತು. ಕೆಳಗೆ 'ಒಪ್ಪಿದ್ದೇನೆ' ಎಂಬ ಗುಂಡಿ. ಜಗತ್ತಿನಲ್ಲಿ ಅದನ್ನು ಪೂರ್ತಿ ಓದಿದವರು ಯಾರಾದರೂ ಇದ್ದರೆ ಅವಳೊಬ್ಬಳೇ ಇರಬೇಕು. ಮೊದಲನೆಯ ದಿನ ಅದರಲ್ಲೇ ಕಳೆಯಿತು. ಎರಡನೆಯ ದಿನ ಅಂಗಡಿಯಿಂದ ಮೋಡೆಮ್ ಬಂತು. ಸಾಬೂನಿನ ಡಬ್ಬಿಯಷ್ಟು ದೊಡ್ಡದು, ಮುಂದೆ ಸಾಲಾಗಿ ಕೆಂಪು ದೀಪಗಳು. ಗೋಡೆಯ ಫೋನ್ ಪೆಟ್ಟಿಗೆಯಿಂದ ತಂತಿ ಎಳೆದು ತಾನೇ ಸಿಕ್ಕಿಸಿದಳು. ಅಂಗಡಿಯವನು "ಮನೆಗೆ ಬಂದು ಹಾಕಿಕೊಡ್ತೀನಿ ಅಮ್ಮಾ" ಎಂದಿದ್ದ. ಅಷ್ಟು ಒಳ್ಳೆಯತನ ಅವನಿಗೇಕೆ ಎಂದು ಅವನನ್ನು ಅಲ್ಲೇ ತಡೆದಿದ್ದಳು.

ಸಾಫ್ಟ್‌ವೇರಿನ ಒಂದೊಂದು ಪ್ರಶ್ನೆಗೂ ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಕಣ್ಣು ಕಿರಿದು ಮಾಡಿ ಯೋಚಿಸಿದಳು. ಹೆಸರೇಕೆ? ಹುಟ್ಟಿದ ದಿನವೇಕೆ? ಟೋನ್ ಡಯಲಿಂಗೋ ಪಲ್ಸ್ ಡಯಲಿಂಗೋ ಎಂದು ಕೇಳಿದಾಗ ಮಾತ್ರ ಮುಖ ಸ್ವಲ್ಪ ಸಡಿಲವಾಯಿತು. ಇದನ್ನು ಮಾಡಿದವನಿಗೆ ನಮ್ಮ ಕಸುಬು ತಿಳಿದಿದೆ. ಕೊನೆಗೆ ಪಾಸ್‌ವರ್ಡ್. ಅದರ ಕೆಳಗೊಂದು ಪುಟ್ಟ ಚೌಕ, ಅದರಲ್ಲಿ ಆಗಲೇ ಸರಿ ಗುರುತು: 'ಪಾಸ್‌ವರ್ಡ್ ನೆನಪಿಟ್ಟುಕೊಳ್ಳಲೇ?'

"ನೀನ್ಯಾಕೆ ನೆನಪಿಟ್ಟುಕೋಬೇಕು?" ಎಂದು ಪರದೆಗೇ ಕೇಳಿ, ಸರಿ ಗುರುತನ್ನು ಅಳಿಸಿದಳು.

ಮೂರನೆಯ ದಿನ 'ಡಯಲ್' ಒತ್ತಿದಾಗ ಡಬ್ಬಿಯೊಳಗಿಂದ ಡಯಲ್ ಟೋನ್ ಬಂತು, ಆರು ಅಂಕಿಗಳು ಟುಕುಟುಕು ಎಂದವು, ಆ ಕಡೆ ರಿಂಗಾಯಿತು, ಯಾರೋ ಎತ್ತಿದರು. ಆಮೇಲೆ ಎರಡು ಯಂತ್ರಗಳು ಒಂದರ ಮೇಲೊಂದು ಕಿರುಚಾಡಿದವು. ಗಂಡ ಕಿವಿ ಮುಚ್ಚಿಕೊಂಡರು.

"ಜಗಳ ಆಡ್ತಿವೆಯಲ್ಲೇ!"

"ಜಗಳ ಅಲ್ಲ. ನೀನು ಯಾರು, ಎಷ್ಟು ವೇಗ ಮಾತಾಡ್ತೀಯ ಅಂತ ವಿಚಾರಿಸ್ತಿವೆ. ನಾವೂ ದೂರದ ಎಕ್ಸ್‌ಚೇಂಜಿನವಳ ಜೊತೆ ಹೀಗೇ ಮಾಡ್ತಿದ್ದೆವು. ನೋಡಿ, ಒಪ್ಪಿಕೊಂಡವು."

ಗದ್ದಲ ನಿಂತಿತು. ಪರದೆಯ ಮೂಲೆಯಲ್ಲಿ ಎರಡು ಪುಟ್ಟ ಟೀವಿಯಂಥವು ಮಿಣಮಿಣ ಎಂದವು.

ನಕ್ಷೆ ನೋಡಬೇಕಾದವರು ಗಂಡ, ಆದರೆ ಕುರ್ಚಿ ಹಿಡಿದವಳು ಹೆಂಡತಿ. ಬೋರ್ಡಿನ ಮುಂದೆ ಕೂತ ಕಾಲದಲ್ಲಿ ಅವಳು ಕೈಯಾರೆ ಜೋಡಿಸಿಕೊಟ್ಟ ಊರುಗಳು ಎಷ್ಟೋ, ಒಂದನ್ನೂ ಕಣ್ಣಿಂದ ಕಂಡಿರಲಿಲ್ಲ. ಅವು ಅವಳಿಗೆ ಕೋಡ್ ನಂಬರುಗಳು ಮತ್ತು ಆ ಕಡೆಯ ಆಪರೇಟರ್‌ಗಳ ದನಿ, ಅಷ್ಟೇ. ಈಗ ದಿನಾ ಮಧ್ಯಾಹ್ನ ಮೂರಕ್ಕೆ ಕೂತು ಒಂದೊಂದಾಗಿ ಹುಡುಕತೊಡಗಿದಳು. ಚಿತ್ರಗಳು ಮೇಲಿನಿಂದ ಕೆಳಕ್ಕೆ ಪರದೆ ಎಳೆದಂತೆ ನಿಧಾನ ಇಳಿಯುತ್ತಿದ್ದವು. ಸದಾ ಕೆಮ್ಮುತ್ತಿದ್ದ ಆಪರೇಟರಳ ಊರಿನಲ್ಲಿ ಸಿಮೆಂಟ್ ಕಾರ್ಖಾನೆ ಇದೆ ಎಂಬುದು ಅವಳಿಗೆ ಗೊತ್ತಾದದ್ದು ಹೀಗೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಒಂದು ರೇವುಪಟ್ಟಣದ ದೀಪಸ್ತಂಭ ಅರ್ಧ ಇಳಿದಿತ್ತು. ಲೈನು ಕಡಿಯಿತು. ಮೋಡೆಮ್ಮಿನ ದೀಪ ಆರಿತು, ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಗಡಿಯಾರ ನೋಡಿದಳು. ನಾಲ್ಕು ಗಂಟೆ, ಐದು ನಿಮಿಷ.

ಮಾರನೆಯ ದಿನವೂ ಕಡಿಯಿತು. ನಾಲ್ಕು ಗಂಟೆ, ಆರು ನಿಮಿಷ. ಅದರ ಮಾರನೆಯ ದಿನ ನಾಲ್ಕಕ್ಕೇ ಸರಿಯಾಗಿ. ಲೈನು ತಾನಾಗಿ ಕೆಟ್ಟರೆ ಹೊತ್ತುಗೊತ್ತು ನೋಡುವುದಿಲ್ಲ. ಗಡಿಯಾರ ನೋಡಿ ಕೆಡಿಸುವುದು ಮನುಷ್ಯರು ಮಾತ್ರ.

ಮೊದಲು ಸಾಫ್ಟ್‌ವೇರ್ ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದಳು.

"ಕಾಲ್ ವೇಯ್ಟಿಂಗ್ ಹಾಕಿಸಿದ್ದೀರಾ ಮೇಡಂ? ಬೇರೆ ಯಾರಾದರೂ ಫೋನ್ ಮಾಡಿದರೆ ಆ ಬೀಪ್‌ಗೆ ಮೋಡೆಮ್ ಕಟ್ಟಾಗುತ್ತೆ ಮೇಡಂ."

"ನೀವು ಇದನ್ನ ಕಾಗದ ನೋಡಿ ಓದ್ತಿದ್ದೀರಿ."

"...ಹೌದು ಮೇಡಂ."

ಹುಡುಗ ನಿಜ ಹೇಳಿದನಲ್ಲ ಎಂದು ಅವನನ್ನು ಅರ್ಧ ನಂಬಿದಳು. ಕಾಲ್ ವೇಯ್ಟಿಂಗ್ ಹಾಕಿಸಿದ್ದೂ ಹೌದು. ಆದರೆ ತಮ್ಮ ಮನೆಗೆ ದಿನಾ ಒಂದೇ ಹೊತ್ತಿಗೆ ಫೋನ್ ಮಾಡುವವರು ಯಾರೂ ಇರಲಿಲ್ಲ. ಹಾಗಾಗಿ ಅನುಮಾನ ಗಂಡನ ಕಡೆ ತಿರುಗಿತು. ನಡುಮನೆಯಲ್ಲಿ ಇನ್ನೊಂದು ಫೋನ್ ಇತ್ತು. ಅದನ್ನು ಯಾರಾದರೂ ಎತ್ತಿದರೂ ಲೈನು ಕಡಿಯುತ್ತದೆ, ಎತ್ತಿ ಇಟ್ಟರೆ ಈ ಫೋನೂ ಒಂದೆರಡು ಸಲ ಬಡಿದುಕೊಳ್ಳುವುದುಂಟು. ಅವಳು ತಲೆಯಿಂದ ಒಂದು ಬಿಳಿ ಕೂದಲು ಕಿತ್ತು, ಅದರ ರಿಸೀವರಿನ ಮೇಲೆ ಅಡ್ಡಲಾಗಿ ಮಲಗಿಸಿ ಬಂದಳು. ನಾಲ್ಕಕ್ಕೆ ಲೈನು ಕಡಿದಾಗ ಓಡಿಹೋಗಿ ನೋಡಿದರೆ ಕೂದಲಿಲ್ಲ.

"ರೀ, ಫೋನ್ ಎತ್ತಿದಿರಾ?"

"ಇಲ್ಲ ಕಣೇ. ಯಾವುದೋ ಕೂದಲು ಬಿದ್ದಿತ್ತು, ಊದಿದೆ."

"ಈಗಲೇ ಯಾಕೆ ಊದಬೇಕಿತ್ತು?"

"ಕೂದಲು ಊದೋಕೂ ಮುಹೂರ್ತ ನೋಡಬೇಕಾ?"

ಅವಳು ಅವರ ಮುಖವನ್ನೇ ನೋಡಿದಳು. ನಲವತ್ತು ವರ್ಷ ಜೊತೆಗಿದ್ದ ಮುಖ. ಅದರಿಂದ ಏನೂ ತಿಳಿಯಲಿಲ್ಲ. ಅಂದು ಸಂಜೆಯೆಲ್ಲ ಇಬ್ಬರೂ ಮಾತಿಗಿಂತ ಪಾತ್ರೆಗಳನ್ನೇ ಹೆಚ್ಚು ಸದ್ದು ಮಾಡಿಸಿದರು.

ಮಾರನೆಯ ದಿನ ಅವಳು ಕಂಪ್ಯೂಟರ್ ಹಚ್ಚಲಿಲ್ಲ. ಮೂರೂವರೆಗೇ ಫೋನಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಳು. ಗಂಡನನ್ನು ಎದುರಿಗೇ, ಕಣ್ಣಿಗೆ ಕಾಣುವ ಹಾಗೆ ಕೂರಿಸಿಕೊಂಡಳು. ನಾಲ್ಕು ಗಂಟೆ, ನಾಲ್ಕು ನಿಮಿಷ. ಫೋನು ರಿಂಗಾಯಿತು. ಎತ್ತಿದಳು.

"ಹಲೋ."

ಆ ಕಡೆ ಯಾರೂ ಮಾತಾಡಲಿಲ್ಲ. ಆದರೆ ಯಾರೋ ಇದ್ದರು. ಖಾಲಿ ಲೈನಿನ ಮೌನ ಬೇರೆ, ಉಸಿರು ಹಿಡಿದವರ ಮೌನ ಬೇರೆ. ಸ್ವಲ್ಪ ಹೊತ್ತಿನ ಮೇಲೆ ಫೋನ್ ಇಟ್ಟರು.

"ಯಾರಂತೆ?" ಗಂಡ ಕೇಳಿದರು.

"ನನ್ನ ದನಿ ಕೇಳಿ ಇಟ್ಟುಬಿಟ್ಟರು. ನಿಮ್ಮ ದನಿಗೆ ಕಾಯ್ತಿದ್ದರೇನೋ."

"ನನ್ನ ದನಿಗಾ? ಅಲ್ಲ ಕಣೇ, ಆಫೀಸಲ್ಲಿದ್ದಾಗಲೇ ಯಾರೂ ನನ್ನ ಮಾತು ಕೇಳ್ತಿರಲಿಲ್ಲ."

ಅವಳು ನಗಲಿಲ್ಲ. ಇನ್ನೂ ರಿಸೀವರ್ ಹಿಡಿದೇ ಇದ್ದಳು. ಆ ಕಡೆಯವರು ಫೋನ್ ಇಟ್ಟ ರೀತಿ ಅವಳ ಕಿವಿಯಲ್ಲಿ ಉಳಿದಿತ್ತು. ಬೇರೆ ಜನ ರಿಸೀವರನ್ನು ಧೊಪ್ಪೆಂದು ಕುಕ್ಕುತ್ತಾರೆ. ಇವರು ಮೊದಲು ಬೆರಳಿನಿಂದ ಗುಂಡಿ ಒತ್ತಿ ಲೈನು ಬಿಡಿಸಿ, ಆಮೇಲೆ ರಿಸೀವರ್ ಇಟ್ಟಿದ್ದರು. ಎದುರಿನವರ ಕಿವಿಗೆ ಪೆಟ್ಟಾಗಬಾರದೆಂದು ತರಬೇತಿಯಲ್ಲಿ ಕಲಿಸಿದ್ದು ಅದು. ಅಂದರೆ ಇದು ಎಕ್ಸ್‌ಚೇಂಜಿನವರ ಕೈ.

ಅದರ ಮರುದಿನ ಅದೇ ಹೊತ್ತಿಗೆ ಫೋನು ರಿಂಗಾದಾಗ ಅವಳು ಹಲೋ ಎನ್ನಲಿಲ್ಲ. ಎಕ್ಸ್‌ಚೇಂಜಿನಲ್ಲಿ ಸೂಪರ್‌ವೈಸರ್ ಇದ್ದಕ್ಕಿದ್ದಂತೆ ಲೈನಿಗೆ ಬಂದು, ಯಾವ ಕುರ್ಚಿಯಲ್ಲಿ ಯಾರಿದ್ದಾರೆ ಎಂದು ತಪಾಸಣೆ ಮಾಡುವುದಿತ್ತು. ಒಂದೇ ಮಾತು ಕೇಳುತ್ತಿದ್ದರು, ಉತ್ತರ ತಡವಾದರೆ ಮೆಮೊ ಬರುತ್ತಿತ್ತು. ಆಪರೇಟರಮ್ಮ ಗಂಟಲು ಬಿಗಿ ಮಾಡಿ ಅದನ್ನೇ ಕೇಳಿದಳು:

"ಪೊಸಿಷನ್?"

"ಹದಿನೇಳು," ಎಂದಿತು ಆ ಕಡೆಯ ದನಿ, ಯೋಚಿಸುವುದಕ್ಕೂ ಮುಂಚೆ.

ಇಬ್ಬರೂ ಬೆಚ್ಚಿದರು.

ಆಪರೇಟರಮ್ಮನದು ಹದಿನಾರು. ಹದಿನೇಳು ಎಂದರೆ ಅವಳ ಪಕ್ಕದ ಕುರ್ಚಿ. ಹನ್ನೆರಡು ವರ್ಷ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂತಿದ್ದರು, ಒಂದೇ ಡಬ್ಬಿಯಲ್ಲಿ ಉಂಡಿದ್ದರು. ಒಂದು ದಿನ ಲೈನು ಸರಿಯಿದೆಯೇ ಎಂದು ಪರೀಕ್ಷಿಸುವಾಗ ಗಿರಣಿಯ ಯಜಮಾನರ ಮಾತು ಆಪರೇಟರಮ್ಮನ ಕಿವಿಗೆ ಬಿತ್ತು: ಮುಂದಿನ ವಾರ ಗಿರಣಿಗೆ ಬೀಗ. ಕೇಳಿದ್ದನ್ನು ಹೊರಗೆ ಹೇಳಬಾರದು ಎಂಬುದು ಕೆಲಸದ ಮೊದಲ ಪಾಠ. ಆದರೆ ಹದಿನೇಳರ ತಮ್ಮ ಅದೇ ಗಿರಣಿಯಲ್ಲಿದ್ದ. ಊಟದ ಹೊತ್ತಿನಲ್ಲಿ ಅವಳು ಒಂದೇ ಒಂದು ಮಾತು ಹೇಳಿದ್ದಳು: "ನಿನ್ನ ತಮ್ಮನಿಗೆ ಬೇರೆ ಕೆಲಸ ನೋಡಿಕೊಳ್ಳೋಕೆ ಹೇಳು." ಮರುದಿನ ಗಿರಣಿಯ ಗೇಟಿನಲ್ಲಿ ಗಲಾಟೆಯಾಯಿತು, ಸುದ್ದಿ ಎಕ್ಸ್‌ಚೇಂಜಿನಿಂದಲೇ ಹೊರಬಿತ್ತೆಂದು ವಿಚಾರಣೆ ನಡೆಯಿತು. ಆಪರೇಟರಮ್ಮನನ್ನು ಬೋರ್ಡಿನಿಂದ ಎಬ್ಬಿಸಿ ದೂರು ಬರೆದುಕೊಳ್ಳುವ ಕೋಣೆಗೆ ಹಾಕಿದರು. ಹದಿನೇಳನ್ನು ಊರಾಚೆಯ ಕಚೇರಿಗೆ ಕಳಿಸಿದರು. ಅಂದಿನಿಂದ ಹದಿನೆಂಟು ವರ್ಷ ಇಬ್ಬರ ನಡುವೆ ಮಾತಿರಲಿಲ್ಲ. ವಿಚಾರಣೆಯಲ್ಲಿ ತನ್ನ ಹೆಸರು ಹೇಳಿದವಳು ಹದಿನೇಳೇ ಎಂಬುದರಲ್ಲಿ ಆಪರೇಟರಮ್ಮನಿಗೆ ಎಳ್ಳಷ್ಟೂ ಸಂಶಯ ಇರಲಿಲ್ಲ. ಜೀವನದಲ್ಲಿ ಅವಳು ಅನುಮಾನವಿಲ್ಲದೆ ನಂಬಿದ ಸಂಗತಿ ಅದೊಂದೇ.

"ಯಾಕೆ ಮಾಡ್ತಿದ್ದೀಯ ದಿನಾ?" ದನಿ ಗಟ್ಟಿಯಾಗೇ ಇತ್ತು.

"ಮಾತಾಡಬೇಕು ಅಂತ. ನಿನ್ನೆ ನೀನು ಹಲೋ ಅಂದಾಗ ಹೆದರಿ ಇಟ್ಟುಬಿಟ್ಟೆ. ಅದಕ್ಕೆ ಮುಂಚೆ ನೀನು ಎತ್ತುತ್ತಲೇ ಇರಲಿಲ್ಲ; ಎರಡು ರಿಂಗಾಗೋದರೊಳಗೆ ನನ್ನ ಧೈರ್ಯ ಮುಗಿದಿರ್ತಿತ್ತು. ಈಗ ತಮ್ಮನ ಮನೇಲಿದ್ದೀನಿ. ನಾಲ್ಕಕ್ಕೆ ಅವನ ಹೆಂಡತಿ ಮೊಮ್ಮಗನ್ನ ಸ್ಕೂಲಿಂದ ಕರಕೊಂಡು ಬರೋಕೆ ಹೋಗ್ತಾಳೆ. ಆವಾಗ ಮನೇಲಿ ನಾನೊಬ್ಬಳೇ."

"ಏನು ಮಾತು?"

"ನಾನು ನಿನ್ನ ಹೆಸರು ಹೇಳಿರಲಿಲ್ಲ ಕಣೇ. ನೀನೇ ನನ್ನ ತಮ್ಮನ ಹೆಸರು ಹೇಳಿ ಪಾರಾಗೋಕೆ ನೋಡಿದೆ ಅಂತ ಇಷ್ಟು ವರ್ಷ ನಿನ್ನ ಶಪಿಸ್ತಾ ಇದ್ದೆ. ಹೋದ ತಿಂಗಳು ಊಟಕ್ಕೆ ಕೂತಾಗ ಅವನೇ ನಗ್ತಾ ಹೇಳಿಬಿಟ್ಟ. ಗಿರಣೀಲಿ ನಾಲ್ಕು ಜನದ ಮುಂದೆ ಜಂಬ ಕೊಚ್ಚಿದ್ದನಂತೆ. ನಮ್ಮಕ್ಕ ಎಕ್ಸ್‌ಚೇಂಜಲ್ಲಿದ್ದಾಳೆ, ಹದಿನಾರನೇ ಬೋರ್ಡಿನವಳು ಅವಳಿಗೆ ಹೇಳಿದಳು ಅಂತ. ನಂಬರ್ ಸಮೇತ!"

ಆಪರೇಟರಮ್ಮ ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಗಂಡ ಏನು ಎಂದು ಕೈಸನ್ನೆ ಮಾಡಿದರೆ ತಿರುಗಿಯೂ ನೋಡಲಿಲ್ಲ. ಕಟ್ಟಿದ ಕತೆಗೂ ಇಷ್ಟು ಅಂದವಾಗಿ ಕೈಕಾಲು ಕೂಡುತ್ತದಲ್ಲ ಎಂದಿತು ಮನಸ್ಸು.

"ನಿನ್ನ ತಮ್ಮ ಎಷ್ಟು ಹೊತ್ತಿಗೆ ಮನೇಲಿರ್ತಾನೆ?"

"ಆರಕ್ಕೆ ಬರ್ತಾನೆ."

"ಆರೂ ಕಾಲಿಗೆ ಅವನೇ ನನಗೆ ಫೋನ್ ಮಾಡಲಿ. ಮಾತಾಡುವಾಗ ನೀನು ಪಕ್ಕದಲ್ಲಿ ಇರಕೂಡದು. ಇದ್ದರೆ ನನಗೆ ಗೊತ್ತಾಗುತ್ತೆ."

ಆರೂ ಕಾಲಿಗೆ ಫೋನ್ ಬಂತು. ದಪ್ಪ ದನಿ, ವಯಸ್ಸಾದ ದನಿ.

"ಅಕ್ಕಾ, ನಾನೇ ಅಂದಿದ್ದು. ಬಾಯಿ ತಡೀಲಿಲ್ಲ. ಅಷ್ಟು ದೊಡ್ಡದಾಗುತ್ತೆ ಅಂತ ಗೊತ್ತಿರಲಿಲ್ಲ. ಆಮೇಲೆ ಹೇಳೋಕೆ ಭಯ. ಅದೂ ಆದಮೇಲೆ... ಮರೆತೇಹೋಯಿತು ಅಕ್ಕಾ."

ಆ ಕೊನೆಯ ಮಾತೇ ಅವಳನ್ನು ನಂಬಿಸಿತು. ಸುಳ್ಳು ಹೇಳುವವನು ದಿನಾ ಕೊರಗಿದೆ ಎನ್ನುತ್ತಿದ್ದ. ಮರೆತೇಹೋಯಿತು ಎಂದು ಯಾರೂ ಸುಳ್ಳು ಕಟ್ಟುವುದಿಲ್ಲ.

ಫೋನ್ ಇಟ್ಟ ಮೇಲೆ ಅವಳಿಗೆ ಹಗುರವೇನೂ ಆಗಲಿಲ್ಲ. ಹದಿನೆಂಟು ವರ್ಷ ಒಬ್ಬಳ ಮೇಲೆ ಸಾಕಿದ ಸಿಟ್ಟು ಕೂರಲು ಜಾಗವಿಲ್ಲದೆ ಮನೆಯೆಲ್ಲ ಸುತ್ತಿತು. ಅಂದು ಅನ್ನ ತಳ ಹತ್ತಿತು. ಗಂಡನ ಮೇಲೆ ರೇಗಿದಳು. ಆಮೇಲೆ ಅವರ ಎದುರು ಕೂತು, "ಆ ಕೂದಲು ನಿಮಗೆ ಅಂತಲೇ ಇಟ್ಟಿದ್ದೆ" ಎಂದಳು.

"ಗೊತ್ತು," ಎಂದರು ಅವರು. "ಬಿಳಿ ಕೂದಲು ಅಷ್ಟು ನೆಟ್ಟಗೆ ತಾನಾಗಿ ಬೀಳಲ್ಲ. ಸ್ಕೇಲ್ ಇಟ್ಟು ಎಳೆದ ಹಾಗಿತ್ತು."

ಭಾನುವಾರ ಹದಿನೇಳು ಮನೆಗೆ ಬಂದಳು. ಸೊರಗಿದ್ದಳು, ಕನ್ನಡಕ ಬಂದಿತ್ತು. ಬಾಗಿಲಲ್ಲಿ ಇಬ್ಬರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ; ಕೊನೆಗೆ ಹದಿನೇಳು, "ಅಷ್ಟು ದಿನ ನೀನು ಫೋನ್ ಯಾಕೆ ಎತ್ತುತ್ತಿರಲಿಲ್ಲ?" ಎಂದಳು, ಆಪರೇಟರಮ್ಮ ಅವಳನ್ನು ಕಂಪ್ಯೂಟರ್ ಮುಂದೆ ಎಳೆದುಕೊಂಡು ಹೋಗಿ ಕೂರಿಸಿದಳು. ಯಂತ್ರಗಳು ಕಿರುಚಾಡಿ ಒಪ್ಪಿಕೊಂಡವು. ಇಬ್ಬರೂ ತಲೆ ಓರೆ ಮಾಡಿ ಕೇಳಿದರು. "ಲೈನಲ್ಲಿ ಸ್ವಲ್ಪ ಗರಗರ ಇದೆ," ಎಂದಳು ಹದಿನೇಳು. "ಕಂಬದ ಹತ್ತಿರ," ಎಂದಳು ಹದಿನಾರು.

ಹದಿನೇಳಿಗೊಂದು ಈ-ಮೇಲ್ ಮಾಡಿಕೊಡುವುದೆಂದು ಆಯಿತು. ತಮ್ಮನ ಮಗನ ಆಫೀಸಿನಲ್ಲಿ ಕಂಪ್ಯೂಟರ್ ಇತ್ತು. ವಾರಕ್ಕೊಮ್ಮೆ ಅಲ್ಲಿ ತೆರೆದು ನೋಡಬಹುದು. ಹೆಸರು ಒತ್ತಿದರು, ಹುಟ್ಟಿದ ದಿನ ಒತ್ತಿದರು. ಪಾಸ್‌ವರ್ಡಿನ ಚೌಕ ಬಂದಾಗ ಹದಿನೇಳು ಕೈ ಎತ್ತಿ ಹಿಡಿದುಕೊಂಡಳು.

"ನೀನು ಆ ಕಡೆ ತಿರುಗು."

"ನನ್ನ ಮೇಲೆ ಇನ್ನೂ ಅನುಮಾನವಾ?"

"ನಿನ್ನ ಮೇಲೆ ಅಲ್ಲ. ರೂಢಿ."

ಆಪರೇಟರಮ್ಮ ಗೋಡೆ ಕಡೆ ತಿರುಗಿದಳು. ಬೆನ್ನ ಹಿಂದೆ ಒಂದು ಗುಂಡಿ ಒತ್ತಿದ ಸದ್ದಾಯಿತು. ಮೇಲಿನ ಸಾಲಿನದು, ಎಡಗೈಯದು. ಎರಡನೆಯದು ಬೀಳುವುದಕ್ಕೆ ಮುಂಚೆ ಅವಳು ಎರಡೂ ಕಿವಿಗೆ ಬೆರಳು ತುರುಕಿಕೊಂಡು, ಗೆಳತಿ ಭುಜ ಮುಟ್ಟಿ ಕರೆಯುವವರೆಗೂ ಹಾಗೆಯೇ ನಿಂತಳು.